ಸ್ವಯಂನಲ್ಲಿ ಒಂದು ಕೋರ್ಸ್: ಸೇರುವುದರಿಂದ ಸರ್ಟಿಫಿಕೇಟ್ ಕೈಗೆ ಬರುವವರೆಗೆ

"ಆನ್‌ಲೈನ್ ಕೋರ್ಸ್ ಮಾಡಬೇಕು, ಎಲ್ಲಿಂದ ಶುರು ಮಾಡಲಿ?" ಎಂದು ಕೇಳುವವರು ಕೆಲವರು. "ಸೇರಿದ್ದೆ, ವಿಡಿಯೊ ಎಲ್ಲಾ ನೋಡಿದೆ, ಆದ್ರೂ ಸರ್ಟಿಫಿಕೇಟ್ ಬರಲಿಲ್ಲ, ಯಾಕೆ?" ಎಂದು ಕೇಳುವವರು ಅವರಿಗಿಂತ ಜಾಸ್ತಿ. ಎರಡನೇ ಪ್ರಶ್ನೆಗೆ ಉತ್ತರ ಹೆಚ್ಚಿನ ಸಲ ಒಂದೇ. ಕೋರ್ಸಿಗೆ ಸೇರುವುದು ಬೇರೆ, ಪರೀಕ್ಷೆ ಕಟ್ಟುವುದು ಬೇರೆ. ಎರಡಕ್ಕೂ ಬೇರೆ ಬೇರೆ ಅರ್ಜಿ, ಬೇರೆ ಬೇರೆ ಕೊನೆ ದಿನ. ಇದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಕೇಂದ್ರ ಸರ್ಕಾರದ ಆನ್‌ಲೈನ್ ಕೋರ್ಸುಗಳ ತಾಣವಾದ ಸ್ವಯಂನಲ್ಲಿ ಕೋರ್ಸ್ ಮಾಡುವ ಪೂರ್ತಿ ದಾರಿಯನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ.

ಮೊದಲು, ಇದು ಏನು ಅಂತ

ಆನ್‌ಲೈನ್ ಶಿಕ್ಷಣ ಎನ್ನುವ ಒಂದೇ ಹೆಸರಿನಲ್ಲಿ ಮೂರು ಸಂಗತಿಗಳು ಸೇರಿಕೊಂಡಿವೆ. ಕೋವಿಡ್ ಕಾಲದಲ್ಲಿ ಮಕ್ಕಳು ಮೊಬೈಲ್ ಮುಂದೆ ಕೂತು ಕೇಳಿದ್ದು ಲೈವ್ ಕ್ಲಾಸ್. ಮೇಷ್ಟ್ರು ಅತ್ತ, ಮಕ್ಕಳು ಇತ್ತ, ಪಾಠ ಆಗಿಂದಾಗಲೇ. ಇನ್ನೊಂದು ಆನ್‌ಲೈನ್ ಪದವಿ. ಬಿಎ, ಬಿಕಾಂ, ಎಂಬಿಎಯಂಥವನ್ನು ಯುಜಿಸಿ ಅನುಮತಿ ಪಡೆದ ವಿಶ್ವವಿದ್ಯಾಲಯಗಳು ಹೀಗೆ ಕೊಡುತ್ತವೆ. ಎಂಜಿನಿಯರಿಂಗ್, ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಕಾನೂನು ಪದವಿಗಳನ್ನು ಆನ್‌ಲೈನ್‌ನಲ್ಲಿ ಕೊಡಲು ಅವಕಾಶವೇ ಇಲ್ಲ. ಯಾರಾದರೂ ಕೊಡಿಸುತ್ತೇವೆ ಎಂದರೆ ಫೋನ್ ಇಟ್ಟುಬಿಡಿ.

ಮೂರನೆಯದು ಮೂಕ್. ಯಾರು ಬೇಕಾದರೂ ಸೇರಬಹುದಾದ, ಒಂದೇ ಸಲಕ್ಕೆ ಸಾವಿರಾರು ಜನ ಕಲಿಯುವ ಕೋರ್ಸಿಗೆ ಹಾಗೆನ್ನುತ್ತಾರೆ. ಪಾಠ ಮೊದಲೇ ರೆಕಾರ್ಡ್ ಆಗಿರುತ್ತದೆ. ವಾರಕ್ಕೊಂದು ಕಂತಿನಂತೆ ಬಿಡುಗಡೆ ಆಗುತ್ತದೆ. ಕೊನೆಗೊಂದು ಪರೀಕ್ಷೆ. ನಾನು ಇಲ್ಲಿ ಹೇಳುತ್ತಿರುವುದು ಇದರ ಬಗ್ಗೆ. ಅದರಲ್ಲೂ ಕೇಂದ್ರ ಸರ್ಕಾರದ ಸ್ವಯಂ ಬಗ್ಗೆ, ಅದರೊಳಗೆ ಎನ್‌ಪಿಟಿಇಎಲ್ ನಡೆಸುವ ಕೋರ್ಸುಗಳ ಬಗ್ಗೆ.

ಈ ಎರಡು ಹೆಸರುಗಳಲ್ಲಿ ತುಂಬಾ ಜನಕ್ಕೆ ಗೊಂದಲ. ಎನ್‌ಪಿಟಿಇಎಲ್ ಹಳೆಯದು. ಏಳು ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್ಸಿ ಸೇರಿ 2003ರಲ್ಲಿ ಶುರು ಮಾಡಿದ್ದು. ಮೊದಲು ಬರೀ ಪಾಠದ ವಿಡಿಯೊಗಳಿದ್ದವು. ಪರೀಕ್ಷೆ, ಸರ್ಟಿಫಿಕೇಟ್ ಬಂದದ್ದು 2014ರಿಂದ. ಸ್ವಯಂ ಉದ್ಘಾಟನೆಯಾದದ್ದು 2017ರ ಜುಲೈ 9ರಂದು. ಅದು ದೊಡ್ಡ ಅಂಗಳ. ಎಂಜಿನಿಯರಿಂಗ್ ಮತ್ತು ವಿಜ್ಞಾನದ ಬಹುಪಾಲು ಎನ್‌ಪಿಟಿಇಎಲ್‌ನದು. ಮ್ಯಾನೇಜ್‌ಮೆಂಟ್ ಐಐಎಂ ಬೆಂಗಳೂರಿನದು. 9ರಿಂದ 12ನೇ ತರಗತಿಯ ಪಾಠ ಎನ್‌ಸಿಇಆರ್‌ಟಿ ಮತ್ತು ಎನ್‌ಐಒಎಸ್‌ನದು. ಹೀಗೆ ಒಂದೊಂದು ಪಾಲನ್ನು ಒಂದೊಂದು ಸಂಸ್ಥೆ ನೋಡಿಕೊಳ್ಳುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಪರೀಕ್ಷೆ ಶುಲ್ಕ, ಅಂಕದ ಲೆಕ್ಕ, ಪರೀಕ್ಷೆ ನಡೆಸುವವರು, ಎಲ್ಲವೂ ಸಂಸ್ಥೆಯಿಂದ ಸಂಸ್ಥೆಗೆ ಬದಲಾಗುತ್ತದೆ. ಗೆಳೆಯ ಹೇಳಿದ ನಿಯಮ ನಿಮ್ಮ ಕೋರ್ಸಿಗೆ ಹೊಂದದೇ ಇರಬಹುದು. ಕೋರ್ಸ್ ಪುಟದಲ್ಲಿ ಯಾವ ಸಂಸ್ಥೆಯ ಹೆಸರಿದೆ ಅಂತ ನೋಡಿಕೊಳ್ಳಿ.

ಏನೇನು ಬೇಕು

ಒಂದು ಮೊಬೈಲ್ ಸಾಕು. ಪ್ರೋಗ್ರಾಮಿಂಗ್ ಕೋರ್ಸ್ ಆದರೆ ಮಾತ್ರ ಕಂಪ್ಯೂಟರ್ ಬೇಕೇ ಬೇಕು. ನಿಮ್ಮದೇ ಆದ ಇಮೇಲ್, ಫೋಟೊ ಇರುವ ಗುರುತಿನ ಚೀಟಿ, ಪರೀಕ್ಷೆ ಶುಲ್ಕಕ್ಕೆ ಒಂದಿಷ್ಟು ದುಡ್ಡು. ಎನ್‌ಪಿಟಿಇಎಲ್‌ನಲ್ಲಿ ಕೋರ್ಸಿಗೆ ಸೇರುವುದು ಪೂರ್ತಿ ಉಚಿತ. ಪರೀಕ್ಷೆಗೆ ಹಲವು ವರ್ಷಗಳಿಂದ 1000 ರೂಪಾಯಿ ಇತ್ತು. ಎಸ್‌ಸಿ, ಎಸ್‌ಟಿ ಮತ್ತು ಅಂಗವಿಕಲ ಅಭ್ಯರ್ಥಿಗಳಿಗೆ ಅರ್ಧ. ಈ ಸೆಮಿಸ್ಟರಿಗೆ ಎಷ್ಟು ಎಂಬುದನ್ನು ಅರ್ಜಿಯಲ್ಲೇ ನೋಡಿ.

ಇದೆಲ್ಲಕ್ಕಿಂತ ಹೆಚ್ಚು ಬೇಕಾದದ್ದು ಸಮಯ. 12 ವಾರದ ಕೋರ್ಸಿನಲ್ಲಿ ಸುಮಾರು 30 ಗಂಟೆ ವಿಡಿಯೊ ಇರುತ್ತದೆ. ಅಂದರೆ ವಾರಕ್ಕೆ ಎರಡೂವರೆ ಗಂಟೆ. ಅದನ್ನು ನೋಡಿ, ಬರೆದುಕೊಂಡು, ಅಸೈನ್‌ಮೆಂಟ್ ಮುಗಿಸಲು ಇನ್ನೂ ಅಷ್ಟೇ ಹೊತ್ತು ಬೇಕು. ವಾರಕ್ಕೆ ಐದು ಗಂಟೆ ಬಿಡುವು ಸಿಗುವುದೇ ಇಲ್ಲ ಎನ್ನುವುದಾದರೆ 4 ವಾರದ ಕೋರ್ಸಿನಿಂದ ಶುರು ಮಾಡಿ.

1. ಯಾಕೆ ಮಾಡುತ್ತೀರಿ ಎಂದು ನಿರ್ಧರಿಸಿ

ಸುಮ್ನೆ ಕಲಿಯಬೇಕು ಅಂತಿದ್ದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಪರೀಕ್ಷೆ ಗೊಡವೆಯೂ ಬೇಡ. ಪಾಠ ನೋಡಿ, ಸಾಕು.

ಕಾಲೇಜಿನ ಕ್ರೆಡಿಟ್‌ಗಾಗಿ ಮಾಡುತ್ತೀರಾದರೆ ಕೋರ್ಸ್ ಹುಡುಕುವ ಮೊದಲು ಕಾಲೇಜಿಗೆ ಹೋಗಿ ಕೇಳಿ. ಕ್ರೆಡಿಟ್ ಎಂದರೆ ಒಂದು ವಿಷಯಕ್ಕೆ ಇಷ್ಟು ತೂಕ ಎಂದು ವಿಶ್ವವಿದ್ಯಾಲಯ ಇಟ್ಟಿರುವ ಅಳತೆ. ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಸಾಮಾನ್ಯವಾಗಿ 4 ವಾರಕ್ಕೆ 1, 8 ವಾರಕ್ಕೆ 2, 12 ವಾರಕ್ಕೆ 3 ಕ್ರೆಡಿಟ್. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರ್‌ನಲ್ಲಿ ಶೇ 40ರವರೆಗಿನ ಕೋರ್ಸುಗಳನ್ನು ಸ್ವಯಂ ಮೂಲಕ ಮಾಡಲು ಅವಕಾಶ ಕೊಡಬಹುದು.

"ಕೊಡಬಹುದು" ಎಂಬುದನ್ನು ಗಮನಿಸಿ. ಯಾವ ಕೋರ್ಸ್ ಒಪ್ಪುತ್ತೇವೆ, ಯಾವುದರ ಬದಲಿಗೆ ಒಪ್ಪುತ್ತೇವೆ ಎಂದು ಹೇಳುವುದು ನಿಮ್ಮ ವಿಶ್ವವಿದ್ಯಾಲಯ. ವಿಟಿಯು ಆಗಲಿ ಬೇರೆ ಯಾವುದೇ ಆಗಲಿ, ಒಪ್ಪುವ ಕೋರ್ಸುಗಳ ಪಟ್ಟಿ ಅಥವಾ ಸುತ್ತೋಲೆ ಇದೆಯಾ ಎಂದು ಕೇಳಿ ಪಡೆಯಿರಿ. ಬಾಯಿ ಮಾತಿಗೆ ನಿಲ್ಲಬೇಡಿ. ಕೋರ್ಸಿನ ಪೂರ್ತಿ ಹೆಸರು, ವಾರಗಳು, ಕ್ರೆಡಿಟ್ ಬರೆದು ವಿಭಾಗದ ಮುಖ್ಯಸ್ಥರಿಂದ ಒಪ್ಪಿಗೆ ಪಡೆದಿಟ್ಟುಕೊಳ್ಳಿ. ಪರೀಕ್ಷೆ ಪಾಸಾದ ಮೇಲೆ "ಇದು ನಮ್ಮ ಪಟ್ಟಿಯಲ್ಲಿಲ್ಲ" ಎಂದರೆ ಏನೂ ಮಾಡಲಾಗುವುದಿಲ್ಲ.

ಹಲವು ಕಾಲೇಜುಗಳಲ್ಲಿ ಎನ್‌ಪಿಟಿಇಎಲ್‌ನ ಲೋಕಲ್ ಚಾಪ್ಟರ್ ಇದೆ. ಕಾಲೇಜಿಗೂ ಎನ್‌ಪಿಟಿಇಎಲ್‌ಗೂ ನಡುವಿನ ಕೊಂಡಿ ಅದು. ಅದನ್ನು ನೋಡಿಕೊಳ್ಳುವ ಅಧ್ಯಾಪಕರನ್ನು ಎಸ್‌ಪಿಒಸಿ ಎನ್ನುತ್ತಾರೆ. ಯಾರೆಂದು ತಿಳಿದುಕೊಂಡಿರಿ. ಮುಂದೆ ಬೇಕಾಗುತ್ತಾರೆ.

ಕೆಲಸಕ್ಕಾಗಿ ಮಾಡುವವರಿಗೆ ಒಂದು ಮಾತು. ಈ ಸರ್ಟಿಫಿಕೇಟ್ ಡಿಗ್ರಿಯೂ ಅಲ್ಲ, ಡಿಪ್ಲೊಮಾವೂ ಅಲ್ಲ. ಆದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆದು ಪಡೆದದ್ದು, ಅಲ್ವಾ? ಮನೆಯಲ್ಲಿ ಕೂತು ಬಟನ್ ಒತ್ತಿ ಪಡೆಯುವ ಸರ್ಟಿಫಿಕೇಟ್‌ಗಿಂತ ಇದಕ್ಕೆ ಮರ್ಯಾದೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

2. ಕೋರ್ಸ್ ಆರಿಸಿ

ವಿಳಾಸ ಸ್ವಯಂ ಡಾಟ್ ಜಿಒವಿ ಡಾಟ್ ಇನ್. ಮುಖ್ಯವಾಗಿ ವರ್ಷಕ್ಕೆ ಎರಡು ಸೆಮಿಸ್ಟರ್: ಒಂದು ಜನವರಿಯಲ್ಲಿ, ಇನ್ನೊಂದು ಜುಲೈನಲ್ಲಿ ಶುರು. ನಡುವೆ ಬಂದರೆ ಮುಗಿದ ಕೋರ್ಸುಗಳು ಕಾಣುತ್ತವೆ, ಸೇರಲು ಆಗುವುದಿಲ್ಲ.

ಕೋರ್ಸ್ ಪುಟ ತೆರೆದರೆ ಮೇಲುಗಡೆ ಪರಿಚಯದ ವಿಡಿಯೊ ಇರುತ್ತದೆ. ಎಲ್ಲರೂ ಅದನ್ನು ನೋಡಿ ಸೇರಿಬಿಡುತ್ತಾರೆ. ಅದನ್ನು ನಂಬಬೇಡಿ. ಪರಿಚಯ ಮಾಡಿಕೊಡುವಾಗ ಎಲ್ಲರೂ ಚೆನ್ನಾಗಿಯೇ ಮಾತಾಡುತ್ತಾರೆ. ಕೆಳಗೆ ಇಳಿದು ಮೂರು ವಿಷಯ ನೋಡಿ: ವಾರವಾರದ ಪಾಠಪಟ್ಟಿ, ಮೊದಲೇ ಏನು ಗೊತ್ತಿರಬೇಕು ಎಂಬ ಸಾಲು, ಪರೀಕ್ಷೆಯ ದಿನಾಂಕ. ಪರೀಕ್ಷೆ ದಿನಾಂಕವನ್ನು ಕಾಲೇಜಿನ ಇಂಟರ್ನಲ್ಸ್ ಮತ್ತು ಸೆಮಿಸ್ಟರ್ ಪರೀಕ್ಷೆಯ ಪಕ್ಕ ಇಟ್ಟು ನೋಡಿ. ಎರಡು ಕೋರ್ಸ್ ಮಾಡುವ ಆಸೆಯಿದ್ದರೆ ಎರಡರ ದಿನಾಂಕವೂ ಒಂದೇ ಆಗಿದೆಯಾ ಎಂದು ನೋಡಿ. ಮೊದಲ ಸಲ ಎರಡು ಬೇಡವೇ ಬೇಡ ಎನ್ನುವುದು ನನ್ನ ಸಲಹೆ.

ಇನ್ನೊಂದು ಉಪಾಯವಿದೆ. ಎನ್‌ಪಿಟಿಇಎಲ್‌ನ ಎಷ್ಟೋ ಕೋರ್ಸುಗಳು ಹಿಂದೆಯೂ ನಡೆದಿರುತ್ತವೆ, ಪಾಠಗಳು ಯೂಟ್ಯೂಬ್‌ನಲ್ಲಿವೆ. ಸೇರುವ ಮೊದಲು ನಾಲ್ಕನೇ ಅಥವಾ ಐದನೇ ವಾರದ ಒಂದು ಪಾಠ ಹಾಕಿ ಹತ್ತು ನಿಮಿಷ ಕೇಳಿ. ಮೊದಲ ವಾರ ಎಲ್ಲಾ ಕೋರ್ಸೂ ಸುಲಭ. ಐದನೇ ವಾರದಲ್ಲಿ ಅಧ್ಯಾಪಕರ ವೇಗ, ಮಾತಿನ ಧಾಟಿ, ಗಣಿತ ಎಷ್ಟು ಬರುತ್ತದೆ ಎಂಬುದೆಲ್ಲ ಗೊತ್ತಾಗುತ್ತದೆ.

3. ಖಾತೆ ತೆರೆದು ಸೇರಿ

ಇದು ಐದು ನಿಮಿಷದ ಕೆಲಸ. ಆದರೆ ಎರಡು ಕಡೆ ಎಚ್ಚರ ಇರಲಿ.

ಮೊದಲನೆಯದು ಇಮೇಲ್. ಕೋರ್ಸಿಗೆ ಸೇರಿದ ಇಮೇಲ್ ಮತ್ತು ಪರೀಕ್ಷೆ ಕಟ್ಟುವ ಇಮೇಲ್ ಒಂದೇ ಆಗಿರಬೇಕು. ಬೇರೆ ಆದರೆ ಅಸೈನ್‌ಮೆಂಟ್ ಅಂಕ ಒಂದು ಖಾತೆಯಲ್ಲಿ, ಪರೀಕ್ಷೆ ಅಂಕ ಇನ್ನೊಂದರಲ್ಲಿ ಉಳಿದು ಎರಡೂ ಸೇರುವುದೇ ಇಲ್ಲ. ಸೈಬರ್ ಸೆಂಟರ್‌ನವರ ಇಮೇಲ್, ಅಣ್ಣನ ಇಮೇಲ್ ಕೊಡಬೇಡಿ.

ಎರಡನೆಯದು ಹೆಸರು. ನಮ್ಮಲ್ಲಿ ಇನಿಷಿಯಲ್ ತಾಪತ್ರಯ ಇದ್ದೇ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ, ಕಾಲೇಜಿನ ಐಡಿಯಲ್ಲಿ ಎರಡೂ ಇಲ್ಲ. ಪರೀಕ್ಷೆ ಕೇಂದ್ರದಲ್ಲಿ ಹಾಲ್ ಟಿಕೆಟ್ ಮತ್ತು ಗುರುತಿನ ಚೀಟಿಯ ಹೆಸರು ತಾಳೆ ನೋಡುತ್ತಾರೆ. ಸರ್ಟಿಫಿಕೇಟ್‌ನಲ್ಲೂ ನೀವು ತುಂಬಿದ ಹೆಸರೇ ಬರುತ್ತದೆ, ಆಮೇಲೆ ತಿದ್ದಿಸುವುದು ಕಷ್ಟ. ಕ್ರೆಡಿಟ್ ಬೇಕಾದವರು ಆಧಾರ್‌ನಲ್ಲಿ ಇರುವಂತೆಯೇ ತುಂಬುವುದು ಒಳ್ಳೆಯದು. ಕಾರಣ ಕೊನೆಯ ಹಂತದಲ್ಲಿದೆ.

4. ವಾರವಾರ ಓದಿ

ಕೋರ್ಸ್ ಶುರುವಾದ ಮೇಲೆ ಪ್ರತಿ ವಾರ ಸುಮಾರು ಅರ್ಧ ಗಂಟೆಯ ಐದು ಪಾಠಗಳು ಬರುತ್ತವೆ. ಜೊತೆಗೆ ಓದುವ ಸಾಮಗ್ರಿ, ಅಭ್ಯಾಸದ ಪ್ರಶ್ನೆಗಳು, ಸಂಶಯ ಕೇಳಲು ಚರ್ಚಾ ವೇದಿಕೆ. ಕೇಳಿದ ಪ್ರಶ್ನೆಗೆ ಹೆಚ್ಚಾಗಿ ಸಹಾಯಕ ಅಧ್ಯಾಪಕರು ಉತ್ತರಿಸುತ್ತಾರೆ. ಕೆಲವು ಕೋರ್ಸುಗಳಲ್ಲಿ ಲೈವ್ ಆಗಿ ಲೆಕ್ಕ ಬಿಡಿಸುವ ಕ್ಲಾಸೂ ಇರುತ್ತದೆ. ಅದಕ್ಕೆ ಹೋಗುವವರು ಕಡಿಮೆ. ನೀವು ಹೋಗಿ, ಪರೀಕ್ಷೆಗೆ ಅಷ್ಟು ಹತ್ತಿರದ ತಯಾರಿ ಬೇರೆ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಲ್ಲಿ ಮೊದಲ ಪೆಟ್ಟು ಬೀಳುವುದು ಇಂಗ್ಲಿಷಿನಿಂದ. ಅದರ ಜೊತೆಗೆ ಒಬ್ಬೊಬ್ಬ ಪ್ರೊಫೆಸರರ ಉಚ್ಚಾರಣೆ ಬೇರೆ. ಬಂಗಾಳಿ, ತಮಿಳು, ಹಿಂದಿ, ಎಲ್ಲದರ ರಾಗವೂ ಇರುತ್ತದೆ. ಎರಡು ವಾರ ತಾಳಿ, ಕಿವಿ ಒಗ್ಗುತ್ತದೆ. ಅಲ್ಲಿಯವರೆಗೆ ಹೀಗೆ ಮಾಡಿ.

ಪಾಠದ ಲಿಖಿತ ರೂಪವನ್ನು ಟ್ರಾನ್‌ಸ್ಕ್ರಿಪ್ಟ್ ಎನ್ನುತ್ತಾರೆ. ಅದು ಪಿಡಿಎಫ್ ಆಗಿ ಸಿಗುತ್ತದೆ. ಮೊದಲು ಅದರ ಎರಡು ಪುಟ ಓದಿ, ಆಮೇಲೆ ವಿಡಿಯೊ ಹಾಕಿ. ವೇಗವನ್ನು 0.75ಕ್ಕೆ ಇಳಿಸಿ, ಸಬ್‌ಟೈಟಲ್ ಹಾಕಿಕೊಳ್ಳಿ. ಪದೇ ಪದೇ ಬರುವ ಶಬ್ದಗಳನ್ನು ನೋಟ್‌ಬುಕ್ಕಿನ ಕೊನೆ ಪುಟದಲ್ಲಿ ಕನ್ನಡದ ಅರ್ಥದೊಂದಿಗೆ ಬರೆಯುತ್ತಾ ಹೋಗಿ. ಎನ್‌ಪಿಟಿಇಎಲ್ ಹಲವು ಕೋರ್ಸುಗಳ ಪಾಠವನ್ನು ಕನ್ನಡಕ್ಕೂ ಅನುವಾದ ಮಾಡಿಸಿದೆ. ನಿಮ್ಮ ಕೋರ್ಸಿನದು ಇದೆಯಾ ಎಂದು ಅವರ ತಾಣದಲ್ಲಿ ಹುಡುಕಿ. ಆದರೆ ಕೋರ್ಸ್ ಇಂಗ್ಲಿಷಿನದಾದರೆ ಪ್ರಶ್ನೆಪತ್ರಿಕೆಯೂ ಇಂಗ್ಲಿಷಿನಲ್ಲೇ. ಅನುವಾದವನ್ನು ಅರ್ಥ ಮಾಡಿಕೊಳ್ಳಲು ಬಳಸಿ, ಅಭ್ಯಾಸ ಇಂಗ್ಲಿಷಿನಲ್ಲೇ ಇರಲಿ.

ನೆಟ್ ಸರಿಯಿಲ್ಲದ ಊರುಗಳವರಿಗೆ: ವೈಫೈ ಸಿಕ್ಕಾಗ ಆ ವಾರದ ಪಾಠ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಬೋರ್ಡಿನ ಬರಹ ಓದುವ ಹಾಗಿರಬೇಕಾದರೆ ವಿಡಿಯೊ ಗುಣಮಟ್ಟ 360ಪಿಗಿಂತ ಕಡಿಮೆ ಬೇಡ. ಅದೂ ಆಗದಿದ್ದರೆ ಸ್ವಯಂ ಪ್ರಭ ಎಂಬ ಉಚಿತ ಟಿವಿ ಚಾನೆಲ್‌ಗಳಿವೆ, ಡಿಶ್ ಇದ್ದರೆ ಸಾಕು. ಅಲ್ಲಿ ನಿಮ್ಮದೇ ಕೋರ್ಸ್ ಸಿಗುತ್ತದೆ ಅಂತಿಲ್ಲ.

5. ಅಸೈನ್‌ಮೆಂಟ್ ತಪ್ಪಿಸಬೇಡಿ

ಅಸೈನ್‌ಮೆಂಟ್ ಎಂದರೆ ವಾರದ ಕೊನೆಗೆ ಬರುವ ಅಂಕದ ಪ್ರಶ್ನೆಗಳು. ಹೆಚ್ಚಾಗಿ ಆಯ್ಕೆಯ ಪ್ರಶ್ನೆಗಳಿರುತ್ತವೆ. ಕೆಲವಕ್ಕೆ ಒಂದಕ್ಕಿಂತ ಹೆಚ್ಚು ಸರಿ ಉತ್ತರ, ಕೆಲವಕ್ಕೆ ಸಂಖ್ಯೆ ತುಂಬಬೇಕು. ಶುರುವಿನಲ್ಲಿ "ಅಸೈನ್‌ಮೆಂಟ್ 0" ಅಂತ ಒಂದು ಬರುತ್ತದೆ. ಅದಕ್ಕೆ ಅಂಕ ಇಲ್ಲ. ಈ ಕೋರ್ಸಿಗೆ ಬೇಕಾದ ಹಿಂದಿನ ಪಾಠ ನಿಮಗೆ ಗೊತ್ತಿದೆಯಾ ಎಂದು ನೋಡಲು ಇಟ್ಟದ್ದು. ಅದರಲ್ಲಿ ಅರ್ಧಕ್ಕರ್ಧ ತಪ್ಪಾದರೆ ಕೋರ್ಸ್ ಬದಲಿಸಲು ಅದೇ ಸರಿಯಾದ ಹೊತ್ತು.

ಕೊನೆ ಗಡುವು ಸಾಮಾನ್ಯವಾಗಿ ಬುಧವಾರ ರಾತ್ರಿ 11:59. ಬುಧವಾರ ರಾತ್ರಿ ಹನ್ನೊಂದೂವರೆಗೆ ಕೂರುವವರೇ ಹೆಚ್ಚು. ಆಗಲೇ ಕರೆಂಟ್ ಹೋಗುವುದು, ಆಗಲೇ ಪುಟ ತೆರೆಯದೇ ಇರುವುದು. ಗಡುವಿನ ಒಳಗೆ ಎಷ್ಟು ಸಲ ಬೇಕಾದರೂ ಉತ್ತರ ಸಲ್ಲಿಸಬಹುದು, ಕೊನೆಯದಾಗಿ ಸಲ್ಲಿಸಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಾಗಾಗಿ ಭಾನುವಾರವೇ ಗೊತ್ತಿದ್ದಷ್ಟು ತುಂಬಿ ಸಲ್ಲಿಸಿಬಿಡಿ. ಸಂಶಯ ಇದ್ದದ್ದನ್ನು ಬುಧವಾರದ ಒಳಗೆ ತಿದ್ದಿ ಮತ್ತೆ ಸಲ್ಲಿಸಿ.

ಟೆಲಿಗ್ರಾಂ ಗುಂಪುಗಳಲ್ಲಿ, ಯೂಟ್ಯೂಬ್‌ನಲ್ಲಿ "ಈ ವಾರದ ಉತ್ತರಗಳು" ಅಂತ ಓಡಾಡುತ್ತಿರುತ್ತವೆ. ಅದರಲ್ಲಿ ಎಷ್ಟೋ ತಪ್ಪೇ ಇರುತ್ತವೆ. ಸರಿ ಇದ್ದರೂ ಪ್ರಯೋಜನ ಕಡಿಮೆ. ಯಾಕೆ ಅಂತ ಅಂಕದ ಲೆಕ್ಕ ನೋಡಿದರೆ ಗೊತ್ತಾಗುತ್ತದೆ.

6. ಪರೀಕ್ಷೆ ಕಟ್ಟಿ. ಎಲ್ಲರೂ ಎಡವುವುದು ಇಲ್ಲೇ

ಕೋರ್ಸ್ ಶುರುವಾದ ಮೊದಲ ಕೆಲವು ವಾರಗಳಲ್ಲೇ ಪರೀಕ್ಷೆಯ ಅರ್ಜಿ ತೆರೆಯುತ್ತದೆ. ಅಷ್ಟೇ ಬೇಗ ಮುಚ್ಚುತ್ತದೆ ಕೂಡ. ಪರೀಕ್ಷೆ ಏಪ್ರಿಲ್‌ನಲ್ಲಿದ್ದರೆ ಅರ್ಜಿ ಫೆಬ್ರವರಿ ಸುಮಾರಿಗೇ ಮುಗಿದಿರುತ್ತದೆ. "ಪರೀಕ್ಷೆಗೆ ಇನ್ನೂ ಎರಡು ತಿಂಗಳಿದೆ, ಆಮೇಲೆ ಕಟ್ಟಿದರಾಯ್ತು" ಎಂದು ಕೂತವರಿಗೆ ಬಾಗಿಲು ಮುಚ್ಚಿರುತ್ತದೆ. ವಿಡಿಯೊ ನೋಡಲು, ಅಸೈನ್‌ಮೆಂಟ್ ಮಾಡಲು ಯಾವ ಅಡ್ಡಿಯೂ ಇರುವುದಿಲ್ಲವಾದ್ದರಿಂದ ಕೊನೆಯ ವಾರದವರೆಗೂ ಅವರಿಗೆ ಗೊತ್ತೇ ಆಗುವುದಿಲ್ಲ.

ಅರ್ಜಿಯ ಕೊಂಡಿ ಕೋರ್ಸಿನ ಪ್ರಕಟಣೆಗಳಲ್ಲಿ ಮತ್ತು ಇಮೇಲ್‌ನಲ್ಲಿ ಬರುತ್ತದೆ. ಇಮೇಲ್‌ನ ಸ್ಪ್ಯಾಮ್ ಮತ್ತು ಪ್ರಮೋಷನ್ಸ್ ಡಬ್ಬಿಗಳಲ್ಲೂ ನೋಡಿ. ಅರ್ಜಿಯಲ್ಲಿ ಫೋಟೊ, ಸಹಿ ಹಾಕಬೇಕು. ನಗರ ಆರಿಸಬೇಕು. ಕರ್ನಾಟಕದಲ್ಲಿ ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನಂಥ ಊರುಗಳಲ್ಲಿ ಕೇಂದ್ರ ಇರುತ್ತದೆ. ಮೊದಲ ಆಯ್ಕೆಯೇ ಸಿಗುತ್ತದೆ ಎಂಬ ಖಾತ್ರಿ ಇಲ್ಲ. ಎರಡನೆಯದನ್ನೂ ಹೋಗಿಬರಲು ಆಗುವಂಥದ್ದನ್ನೇ ಕೊಡಿ. ಲೋಕಲ್ ಚಾಪ್ಟರ್ ಇದ್ದರೆ ಕಾಲೇಜಿನ ಹೆಸರು, ರೋಲ್ ನಂಬರ್ ಸರಿಯಾಗಿ ತುಂಬಿ.

ದುಡ್ಡು ಕಟ್ಟಿದ ಮೇಲೆ ಅದೇ ಪುಟದಲ್ಲಿ "ಪಾವತಿ ಆಗಿದೆ" ಎಂಬುದು ಕಾಣುವವರೆಗೆ ನಿಲ್ಲಿ. ಬ್ಯಾಂಕಿನಿಂದ ಮೆಸೇಜ್ ಬಂದ ಮಾತ್ರಕ್ಕೆ ಅರ್ಜಿ ಪೂರ್ತಿಯಾಯಿತು ಅಂತಲ್ಲ. ರಸೀದಿ ಉಳಿಸಿಕೊಳ್ಳಿ.

7. ಅಂಕದ ಲೆಕ್ಕ ತಿಳಿದುಕೊಳ್ಳಿ

ಎನ್‌ಪಿಟಿಇಎಲ್‌ನ ಸಾಮಾನ್ಯ ಲೆಕ್ಕ ಹೀಗೆ: ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75. 12 ವಾರದ ಕೋರ್ಸಿನಲ್ಲಿ ಚೆನ್ನಾಗಿ ಮಾಡಿದ 8 ಅಸೈನ್‌ಮೆಂಟ್ ಮಾತ್ರ ತೆಗೆದುಕೊಳ್ಳುತ್ತಾರೆ. 8 ವಾರದ್ದರಲ್ಲಿ 6, 4 ವಾರದ್ದರಲ್ಲಿ 3. ಸರ್ಟಿಫಿಕೇಟ್ ಸಿಗಬೇಕಾದರೆ 25ಕ್ಕೆ ಕನಿಷ್ಠ 10 ಮತ್ತು 75ಕ್ಕೆ ಕನಿಷ್ಠ 30, ಎರಡೂ ಬೇಕು.

ಒಂದು ಉದಾಹರಣೆ ನೋಡೋಣ. ನಿಮ್ಮ ಎಂಟು ಒಳ್ಳೆಯ ಅಸೈನ್‌ಮೆಂಟ್‌ಗಳ ಸರಾಸರಿ ನೂರಕ್ಕೆ 75 ಎಂದುಕೊಳ್ಳಿ. 25ಕ್ಕೆ ಇಳಿಸಿದರೆ 18.75. ಪರೀಕ್ಷೆಯಲ್ಲಿ ನೂರಕ್ಕೆ 38 ಬಂತು. 75ಕ್ಕೆ ಇಳಿಸಿದರೆ 28.5. ಒಟ್ಟು 47.25. ನಲವತ್ತು ದಾಟಿತಲ್ಲ, ಪಾಸ್ ಅಂದುಕೊಳ್ಳುತ್ತೀರಿ. ಇಲ್ಲ! ಪರೀಕ್ಷೆಯಲ್ಲಿ 30 ಬರಲಿಲ್ಲ, ಹಾಗಾಗಿ ಸರ್ಟಿಫಿಕೇಟ್ ಇಲ್ಲ. ಅದೇ 38ರ ಬದಲು 40 ಬಂದಿದ್ದರೆ ಸಿಗುತ್ತಿತ್ತು. ಕದ್ದ ಉತ್ತರದಿಂದ ಅಸೈನ್‌ಮೆಂಟ್‌ನಲ್ಲಿ ಪೂರ್ತಿ 25 ಬಂದರೂ ಪರೀಕ್ಷೆಯ ಈ ಗೆರೆ ದಾಟಲು ಅದು ಸಹಾಯಕ್ಕೆ ಬರುವುದಿಲ್ಲ.

ಒಟ್ಟು 60 ಬಂದರೆ ಸರ್ಟಿಫಿಕೇಟ್ ಮೇಲೆ ಎಲೀಟ್ ಅಂತ ಬರುತ್ತದೆ, 75ಕ್ಕೆ ಸಿಲ್ವರ್, 90ಕ್ಕೆ ಗೋಲ್ಡ್. ಮೇಲಿನ 18.75 ಇಟ್ಟುಕೊಂಡು ಲೆಕ್ಕ ಹಾಕಿದರೆ ಎಲೀಟ್‌ಗೆ ಪರೀಕ್ಷೆಯಲ್ಲಿ ನೂರಕ್ಕೆ 55 ಸಾಕು, ಗೋಲ್ಡ್‌ಗೆ 95 ಬೇಕು. ಅಸೈನ್‌ಮೆಂಟ್‌ನಲ್ಲಿ ಪೂರ್ತಿ 25 ಇದ್ದರೆ 87ಕ್ಕೇ ಗೋಲ್ಡ್ ಸಿಗುತ್ತದೆ. ಅಸೈನ್‌ಮೆಂಟ್‌ನ ಬೆಲೆ ಇರುವುದು ಅಲ್ಲಿ.

ಪ್ರೋಗ್ರಾಮಿಂಗ್ ಕೋರ್ಸುಗಳಲ್ಲಿ ಈ ಲೆಕ್ಕ ಬೇರೆ ಇರಬಹುದು. ಬೇರೆ ಸಂಸ್ಥೆಗಳ ಸ್ವಯಂ ಕೋರ್ಸುಗಳಲ್ಲೂ ಅಷ್ಟೇ. ಕೋರ್ಸ್ ಪುಟದಲ್ಲಿ ಬರೆದಿರುವುದೇ ಅಂತಿಮ.

8. ಪರೀಕ್ಷೆಯ ದಿನ

ಪರೀಕ್ಷೆ ಮನೆಯಲ್ಲಲ್ಲ, ಕೇಂದ್ರದಲ್ಲಿ, ಹೆಚ್ಚಾಗಿ ಕಂಪ್ಯೂಟರ್ ಮೇಲೆ. ಮುದ್ರಿಸಿದ ಹಾಲ್ ಟಿಕೆಟ್ ಮತ್ತು ಗುರುತಿನ ಚೀಟಿಯ ಅಸಲು ಒಯ್ಯಿರಿ. ಮೊಬೈಲ್‌ನಲ್ಲಿರುವ ಫೋಟೊ ತೋರಿಸಿ ಒಳಗೆ ಹೋಗುವ ಆಸೆ ಬೇಡ. ತಯಾರಿಗೆ ಹಳೆಯ ಅಸೈನ್‌ಮೆಂಟ್‌ಗಳನ್ನೇ ಇನ್ನೊಮ್ಮೆ, ಉತ್ತರ ನೋಡದೆ ಬಿಡಿಸಿ. ಇದೇ ಕೋರ್ಸ್ ಹಿಂದೆ ನಡೆದಿದ್ದರೆ ಆಗಿನ ಅಸೈನ್‌ಮೆಂಟ್‌ಗಳನ್ನೂ ಹುಡುಕಿ.

9. ಸರ್ಟಿಫಿಕೇಟ್ ಮತ್ತು ಕ್ರೆಡಿಟ್

ಫಲಿತಾಂಶ ಬರಲು ಕೆಲವು ವಾರ ಬೇಕು. ಬರುವುದು ಇ-ಸರ್ಟಿಫಿಕೇಟ್, ಅಂಚೆಯಲ್ಲಿ ಕಾಗದ ಬರುವುದಿಲ್ಲ. ಅದರ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಸಲಿಯೋ ನಕಲಿಯೋ ಯಾರು ಬೇಕಾದರೂ ನೋಡಬಹುದು. ನೀವೇ ಒಮ್ಮೆ ಸ್ಕ್ಯಾನ್ ಮಾಡಿ ತೆರೆಯುತ್ತದೆಯಾ ಎಂದು ನೋಡಿ.

ಕ್ರೆಡಿಟ್ ಬೇಕಾದವರಿಗೆ ಇನ್ನೊಂದು ಕೆಲಸ ಉಳಿದಿದೆ. ಎಬಿಸಿ ಎಂಬ ವ್ಯವಸ್ಥೆ ಇದೆ: ನೀವು ಎಲ್ಲೆಲ್ಲಿ ಎಷ್ಟು ಕ್ರೆಡಿಟ್ ಗಳಿಸಿದ್ದೀರಿ ಎಂಬುದನ್ನು ಜಮಾ ಮಾಡಿಡುವ ಸರ್ಕಾರಿ ಖಾತೆ, ಬ್ಯಾಂಕ್ ಪಾಸ್‌ಬುಕ್ ಇದ್ದ ಹಾಗೆ. ಡಿಜಿಲಾಕರ್ ಆ್ಯಪ್‌ನಲ್ಲಿ ಆಧಾರ್ ಮೂಲಕ ಈ ಐಡಿ ಮಾಡಿಕೊಳ್ಳಬಹುದು. ಹೆಸರು ಆಧಾರ್‌ನಂತೆ ಇರಲಿ ಎಂದದ್ದು ಇದಕ್ಕೇ. ಹೆಸರು ತಾಳೆಯಾಗದಿದ್ದರೆ ಕ್ರೆಡಿಟ್ ಜಮಾ ಆಗದೆ ನಿಲ್ಲಬಹುದು. ಐಡಿಯನ್ನು ಪರೀಕ್ಷೆ ಅರ್ಜಿಗೆ ಮೊದಲೇ ಮಾಡಿಸಿಟ್ಟುಕೊಂಡರೆ ಕೊನೆಯಲ್ಲಿ ಓಡಾಟ ಇರುವುದಿಲ್ಲ.

ಖಾತೆಗೆ ಜಮಾ ಆದ ಕ್ರೆಡಿಟ್ ತಾನಾಗಿ ನಿಮ್ಮ ಅಂಕಪಟ್ಟಿಗೆ ಬರುವುದಿಲ್ಲ. ಸರ್ಟಿಫಿಕೇಟ್‌ನ ಪ್ರತಿ, ಮೊದಲ ಹಂತದಲ್ಲಿ ಪಡೆದ ಒಪ್ಪಿಗೆ ಪತ್ರ, ಎಬಿಸಿ ಐಡಿ, ಈ ಮೂರನ್ನೂ ಲಗತ್ತಿಸಿ ಕಾಲೇಜಿನ ಪರೀಕ್ಷಾ ವಿಭಾಗಕ್ಕೆ ಅರ್ಜಿ ಕೊಡಿ, ಎಸ್‌ಪಿಒಸಿಗೂ ಒಂದು ಪ್ರತಿ ಇರಲಿ. ಕೊಟ್ಟ ಅರ್ಜಿಗೆ ಸೀಲು ಹಾಕಿಸಿಕೊಂಡು ಬನ್ನಿ. ಆ ಸೆಮಿಸ್ಟರಿನ ಅಂಕಪಟ್ಟಿ ಬಂದಾಗ ಕ್ರೆಡಿಟ್ ಕಾಣದಿದ್ದರೆ ಆ ಸೀಲಿನ ಪ್ರತಿ ಹಿಡಿದೇ ಹೋಗಿ ಕೇಳಬೇಕಾಗುತ್ತದೆ.